ನೋಯದ ಕಾಲಿಗೆ ಯಾರು ದಿಕ್ಕು? ಕಂಕನಾಡಿಯ ಫಾದರ್ ಮುಲ್ಲರ್ ಬಿಟ್ಟುಹೋದ ಪಾಠ

1890ರಲ್ಲಿ ಮಂಗಳೂರಿನಲ್ಲಿ ಒಬ್ಬ ಜರ್ಮನ್ ಪಾದ್ರಿ ಕುಷ್ಠರೋಗಿಗಳಿಗೊಂದು ನೆಲೆ ಮಾಡಿದರು. ಆಗ ಆ ರೋಗಕ್ಕೆ ಮದ್ದಿರಲಿಲ್ಲ, ಆದರೆ ಹುಣ್ಣಾದ ಕಾಲನ್ನು ನೋಡುವವರಿದ್ದರು. ಇವತ್ತು ಮದ್ದು ಉಂಟು, ಕಾಲು ನೋಡುವವರು ಎಲ್ಲಿ?

ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಅಂದರೆ ಆಸ್ಪತ್ರೆ. ಅಲ್ಲೇ ಹುಟ್ಟಿದವರಿದ್ದಾರೆ, ಅಲ್ಲೇ ಅಜ್ಜಿಯನ್ನು ಕಳೆದುಕೊಂಡವರಿದ್ದಾರೆ, ಕಾಸರಗೋಡಿನಿಂದ, ಉಡುಪಿಯಿಂದ, ಘಟ್ಟದ ಮೇಲಿನಿಂದ ಬಸ್ಸು ಹತ್ತಿ ಬಂದು ಕಂಕನಾಡಿಯಲ್ಲಿ ಇಳಿದವರಿದ್ದಾರೆ. ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ನಮ್ಮಲ್ಲಿ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಮೆಡಿಕಲ್ ಸೀಟು, ಫೀಸು, ಬಿಲ್ಲು, ಇನ್ಶೂರೆನ್ಸು ಅಂತ ಮಾತಾಡುವಾಗ ಆ ಹೆಸರಿನ ಹಿಂದೆ ಒಬ್ಬ ಆಗಸ್ಟಸ್ ಮುಲ್ಲರ್ ಇದ್ದರು, ಅವರು ವೈದ್ಯರಾಗಿ ಈ ಊರಿಗೆ ಬಂದವರೇ ಅಲ್ಲ ಅನ್ನೋದು ನೆನಪಿಗೆ ಬರುವುದಿಲ್ಲ.

ಅವರ ಬದುಕನ್ನು ಸಂತನ ಕತೆಯಾಗಿ ಹೇಳುವುದು ಸುಲಭ. ಮತಾಂತರದ ಕತೆಯಾಗಿ ಹೇಳುವವರೂ ಇದ್ದಾರೆ. ಇಲ್ಲಿ ಎರಡನ್ನೂ ಬಿಟ್ಟು ಇನ್ನೊಂದು ದಾರಿಯಲ್ಲಿ ಹೋಗೋಣ. ಅವರ ಬದುಕನ್ನು ಪಾದಗಳ ಕಡೆಯಿಂದ ನೋಡೋಣ. ಯಾಕೆಂದರೆ ಆ ಆಸ್ಪತ್ರೆಯ ಬೇರುಗಳಲ್ಲಿ ಒಂದು ಇರುವುದು ಅಂಗಾಲಿನ ಹುಣ್ಣಿನಲ್ಲಿ. ಇವತ್ತು ಶುಗರ್‌ನಿಂದ ಬೆರಳು, ಪಾದ, ಕಾಲು ಕಳೆದುಕೊಳ್ಳುತ್ತಿರುವ ನಮ್ಮ ಮನೆಯ ಹಿರಿಯರಿಗೂ ಆ ಹುಣ್ಣಿಗೂ ನೇರ ಸಂಬಂಧ ಉಂಟು.

ಗಡಿಪಾರಾದ ಸಂಘದಿಂದ ಬಂದವರು

ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ. ಯೌವನದಲ್ಲೇ ಯೇಸುಸಭೆ, ಅಂದರೆ ಜೆಸ್ವಿಟ್ ಸಂಘ ಸೇರಿದರು. ಅವರು ಮೂವತ್ತರ ಹರೆಯದಲ್ಲಿದ್ದಾಗ ಅವರ ತಾಯ್ನಾಡಿನಲ್ಲಿ ಒಂದು ದೊಡ್ಡ ಪಲ್ಲಟ ಆಯ್ತು. ಆಗಷ್ಟೇ ಜರ್ಮನಿಯನ್ನು ಒಂದುಗೂಡಿಸಿದ್ದ ಬಿಸ್ಮಾರ್ಕ್‌ಗೆ ಕಥೋಲಿಕರ ನಿಷ್ಠೆಯ ಮೇಲೆ ಅನುಮಾನ. ದೇಶಕ್ಕಿಂತ ರೋಮಿಗೆ ಹೆಚ್ಚು ತಲೆಬಾಗುವವರು ಅನ್ನೋ ಆರೋಪ. 1872ರಲ್ಲಿ ಕಾನೂನು ಮಾಡಿ ಜೆಸ್ವಿಟ್ ಸಂಘವನ್ನೇ ಜರ್ಮನಿಯಿಂದ ಹೊರಹಾಕಿದರು. ಒಂದು ಧಾರ್ಮಿಕ ಗುಂಪಿನ ದೇಶಭಕ್ತಿಯನ್ನು ಪ್ರಶ್ನಿಸಿ, ಕಾನೂನಿನ ಮೂಲಕ ಅವರನ್ನು ಪರಕೀಯರನ್ನಾಗಿ ಮಾಡುವುದು ನಮ್ಮ ಕಾಲದ ಆವಿಷ್ಕಾರ ಏನಲ್ಲ.

ಇತ್ತ ಮಂಗಳೂರಿನಲ್ಲಿ ಬೇರೆಯದೇ ಬೇಡಿಕೆ ಇತ್ತು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಮಕ್ಕಳಿಗೆ ಉನ್ನತ ಶಿಕ್ಷಣ ಬೇಕು, ಕಾಲೇಜು ನಡೆಸಬಲ್ಲ ಪಾದ್ರಿಗಳು ಬೇಕು ಅಂತ ಇಲ್ಲಿನ ಕಥೋಲಿಕರು ವರ್ಷಗಟ್ಟಲೆ ರೋಮಿಗೆ ಮನವಿ ಕಳಿಸುತ್ತಿದ್ದರು. ಅದರ ಫಲವಾಗಿ 1878ರ ಡಿಸೆಂಬರ್ 31ರಂದು ಜೆಸ್ವಿಟ್‌ಗಳ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಹೆಚ್ಚಿನವರು ಇಟಲಿಯವರು. ಜರ್ಮನ್ ಮೂಲದ ಮುಲ್ಲರ್ ಆ ತಂಡದಲ್ಲಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯ್ತು. ಮುಲ್ಲರ್ ಬಂದದ್ದು ಪಾಠ ಮಾಡುವುದಕ್ಕೆ.

ಆದರೆ ಅವರ ಪೆಟ್ಟಿಗೆಯಲ್ಲಿ ಪುಸ್ತಕದ ಜೊತೆ ಹೋಮಿಯೋಪತಿ ಮದ್ದೂ ಇತ್ತು. ಮೊದಲು ವಿದ್ಯಾರ್ಥಿಗಳಿಗೆ ಸಣ್ಣಪುಟ್ಟ ಕಾಯಿಲೆಗೆ ಕೊಟ್ಟರು. ಸುದ್ದಿ ಹಬ್ಬಿತು. ಬಡವರು ಬರತೊಡಗಿದರು. 1880ರಲ್ಲೇ ಕಂಕನಾಡಿಯಲ್ಲಿ ಬಡವರ ಹೋಮಿಯೋಪತಿ ಔಷಧಾಲಯ ಶುರುವಾಯ್ತು. ಆಲದ ಮರದ ಕೆಳಗೆ ಕೂತು ಮದ್ದು ಹಂಚುತ್ತಿದ್ದರು ಅನ್ನೋದು ಆ ಸಂಸ್ಥೆ ಇವತ್ತಿಗೂ ಹೇಳಿಕೊಂಡು ಬಂದಿರುವ ನೆನಪು.

ಇಲ್ಲಿ ಅವರ ಬುದ್ಧಿ ಬೇರೆ ಥರ ಓಡಿತು. ಕಂಕನಾಡಿಯಿಂದ ಅಂಚೆ ಮೂಲಕ ದೇಶದ ಬೇರೆ ಬೇರೆ ಕಡೆಗೆ ಹೋಮಿಯೋಪತಿ ಮದ್ದು ಮಾರಾಟಕ್ಕೆ ಹೋಗತೊಡಗಿತು. ದುಡ್ಡಿದ್ದವರು ದುಡ್ಡು ಕೊಟ್ಟು ತರಿಸಿಕೊಂಡರು. ಆ ಹಣದಿಂದ ಇಲ್ಲಿನ ಬಡವರ ಆರೈಕೆ ನಡೆಯಿತು. ದಾನಿಯ ಮರ್ಜಿಗೆ ಮಾತ್ರ ಕಾಯದೆ, ಇದ್ದವರಿಂದ ತೆಗೆದು ಇಲ್ಲದವರಿಗೆ ಹರಿಸುವ ಒಂದು ಪುಟ್ಟ ಲೆಕ್ಕಾಚಾರ ಅದು.

ಹುಣ್ಣು ಇದ್ದರೆ ಅಪರಾಧಿ

1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಆ ಕಾಲದಲ್ಲಿ ಅದರ ಅರ್ಥ ಏನು ಅಂತ ತಿಳಿಯಬೇಕಾದರೆ ಆಗಿನ ರಾಜಕೀಯ ಸ್ವಲ್ಪ ನೋಡಬೇಕು.

1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಗುರುತಿಸಿದ್ದರು. ಅಂದರೆ ಅದು ಶಾಪವೂ ಅಲ್ಲ, ಪಾಪವೂ ಅಲ್ಲ, ರಕ್ತದಲ್ಲಿ ಬಂದ ದೋಷವೂ ಅಲ್ಲ, ಒಂದು ಬ್ಯಾಕ್ಟೀರಿಯಾ ಅಂತ ಗೊತ್ತಾಯ್ತು. ಇದರಿಂದ ರೋಗಿಗಳಿಗೆ ಒಳ್ಳೇದಾಗಬೇಕಿತ್ತು. ಆದದ್ದು ಉಲ್ಟಾ. ಅಂಟುರೋಗ ಅಂತ ಆದ ಮೇಲೆ ಹೆದರಿಕೆ ಹೆಚ್ಚಿತು. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಫಾದರ್ ಡೇಮಿಯನ್ ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ತೀರಿಕೊಂಡರು. ಯೂರೋಪಿನ ಪತ್ರಿಕೆಗಳಲ್ಲಿ ಗದ್ದಲ ಎದ್ದಿತು. ಬ್ರಿಟನ್ನಿನಲ್ಲಿ ನಿಧಿ ಸಂಗ್ರಹವಾಗಿ 1890ರಲ್ಲಿ ಭಾರತಕ್ಕೆ ಒಂದು ಕುಷ್ಠ ಆಯೋಗ ಬಂತು. ಆ ಆಯೋಗ ಈ ರೋಗ ಅಷ್ಟು ಸುಲಭವಾಗಿ ಹರಡುವುದಿಲ್ಲ, ರೋಗಿಗಳನ್ನು ಬಲವಂತವಾಗಿ ಕೂಡಿಹಾಕುವ ಅಗತ್ಯ ಇಲ್ಲ ಅನ್ನೋ ಅಭಿಪ್ರಾಯಕ್ಕೆ ಬಂತು. ಆದರೂ 1898ರಲ್ಲಿ ವಸಾಹತು ಸರ್ಕಾರ ಲೆಪರ್ಸ್ ಆಕ್ಟ್ ತಂದಿತು.

ಈ ಕಾಯ್ದೆಯ ವ್ಯಾಖ್ಯಾನವನ್ನು ಗಮನಿಸಬೇಕು. ರೋಗ ಇದ್ದವರೆಲ್ಲ ಅದರ ಹಿಡಿತಕ್ಕೆ ಬರುತ್ತಿರಲಿಲ್ಲ. ಮೈಮೇಲೆ ಹುಣ್ಣು ಶುರುವಾದವರು ಮಾತ್ರ ಕಾನೂನಿನ ಕಣ್ಣಲ್ಲಿ ಕುಷ್ಠರೋಗಿ. ಅವರಲ್ಲೂ ಭಿಕ್ಷೆ ಬೇಡುವವರನ್ನು, ಜೀವನೋಪಾಯ ಕಾಣದವರನ್ನು ಪೊಲೀಸರು ವಾರೆಂಟ್ ಇಲ್ಲದೆ ಹಿಡಿಯಬಹುದಿತ್ತು. ಸರಳವಾಗಿ ಹೇಳೋದಾದ್ರೆ, ಹುಣ್ಣು ಮತ್ತು ಬಡತನ ಎರಡೂ ಸೇರಿದರೆ ಬಂಧನ. ಮನೆ, ಆಸ್ತಿ ಇದ್ದ ರೋಗಿ ಒಳಕೋಣೆಯಲ್ಲಿ ಇದ್ದುಬಿಡಬಹುದಿತ್ತು. ಬರಿಗಾಲಲ್ಲಿ ನಡೆದು, ಅಂಗಾಲು ಕೊಳೆತು, ಕೂಲಿ ಕಳೆದುಕೊಂಡು ಬೀದಿಗೆ ಬಂದವರನ್ನು ಕಾನೂನು ಹಿಡಿಯುತ್ತಿತ್ತು. ಈ ಕಾಯ್ದೆ ಭಾರತದ ಪುಸ್ತಕದಿಂದ ಪೂರ್ತಿ ಅಳಿದದ್ದು ಯಾವಾಗ ಗೊತ್ತಾ? 2016ರಲ್ಲಿ. ಸ್ವಾತಂತ್ರ್ಯ ಬಂದು 69 ವರ್ಷ ಆದ ಮೇಲೆ.

ಮುಲ್ಲರ್ ಕಂಕನಾಡಿಯಲ್ಲಿ ಕುಷ್ಠಾಶ್ರಮ ತೆರೆದದ್ದು ಈ ಕಾನೂನಿಗಿಂತ ಎಂಟು ವರ್ಷ ಮೊದಲು. ಅದು ಮುಂದೆ ಸಂತ ಜೋಸೆಫರ ಕುಷ್ಠರೋಗ ಆಸ್ಪತ್ರೆಯಾಯ್ತು. ಅದೇ ದಶಕದಲ್ಲಿ ಇದೇ ಊರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು ತಮ್ಮದೇ ಸಾರಸ್ವತ ಸಮಾಜದ ಬಹಿಷ್ಕಾರ ಎದುರಿಸಿದ್ದರು. ಇಬ್ಬರ ದಾರಿಯೂ ಬೇರೆ, ನಂಬಿಕೆಯೂ ಬೇರೆ. ಆದರೆ ಇಬ್ಬರೂ ಮುಟ್ಟಿದ್ದು ಊರು ಮುಟ್ಟಲೊಪ್ಪದವರನ್ನು.

ಆಶ್ರಮದೊಳಗಿನ ಕೆಲಸ ಎಂಥದು? ಆ ಕಾಲದ ಯಾವ ಕುಷ್ಠಾಶ್ರಮಕ್ಕೆ ಹೋದರೂ ದಿನದ ದೊಡ್ಡ ಕೆಲಸ ಒಂದೇ. ಹುಣ್ಣು ತೊಳೆಯುವುದು, ಸತ್ತ ಚರ್ಮ ತೆಗೆಯುವುದು, ಬಟ್ಟೆ ಕಟ್ಟುವುದು. ನಾಳೆ ಮತ್ತೆ ಅದನ್ನೇ ಬಿಚ್ಚಿ, ತೊಳೆದು, ಕಟ್ಟುವುದು. ಇದರಲ್ಲಿ ಹೆಸರು ಬರುವುದಿಲ್ಲ, ಪವಾಡ ನಡೆಯುವುದಿಲ್ಲ. ವಾಸನೆ ಬರುತ್ತದೆ, ಸೊಂಟ ನೋಯುತ್ತದೆ. ಅದನ್ನು ಮಾಡಿದ ಸಿಸ್ಟರ್‌ಗಳ, ಆಳುಗಳ, ಸ್ವತಃ ರೋಗಿಗಳ ಹೆಸರು ಯಾವ ಕಟ್ಟಡದ ಮೇಲೂ ಇರುವುದಿಲ್ಲ.

ಆ ಹುಣ್ಣು ಯಾಕೆ ಆಗುತ್ತಿತ್ತು?

ಮುಲ್ಲರ್‌ಗೆ ಗೊತ್ತಿರದಿದ್ದ, ಅವರ ಕಾಲದ ಯಾವ ಡಾಕ್ಟರಿಗೂ ಸರಿಯಾಗಿ ಗೊತ್ತಿರದಿದ್ದ ಒಂದು ಸಂಗತಿ ಇದೆ. ಕುಷ್ಠದಲ್ಲಿ ಬೆರಳು, ಪಾದ ತನ್ನಷ್ಟಕ್ಕೆ ಉದುರಿಹೋಗುತ್ತದೆ, ಮಾಂಸವೇ ಕೆಟ್ಟುಹೋಗಿರುತ್ತದೆ ಅಂತ ಎಲ್ಲರೂ ನಂಬಿದ್ದರು. ಅದು ಸುಳ್ಳು ಅಂತ ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯ್ತು. ಆ ತಿಳಿವಳಿಕೆ ಬಂದದ್ದು ಲಂಡನ್ನಿನಿಂದಲೋ ಬರ್ಲಿನ್ನಿನಿಂದಲೋ ಅಲ್ಲ, ಅದೇ ಮದರಾಸು ಪ್ರಾಂತ್ಯದ ಇನ್ನೊಂದು ತುದಿ ವೆಲ್ಲೂರಿನಿಂದ.

ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಮಿಷನರಿ ದಂಪತಿಯ ಮಗನಾಗಿ ಹುಟ್ಟಿದ ಪಾಲ್ ಬ್ರ್ಯಾಂಡ್ ಅನ್ನೋ ಸರ್ಜನ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಅವರು ಮತ್ತು ಅವರ ಸಂಗಡಿಗರು ಕಂಡದ್ದು ಇಷ್ಟು. ಕುಷ್ಠದ ರೋಗಾಣು ನರಗಳನ್ನು ಹಾಳುಮಾಡುತ್ತದೆ. ಪಾದದ ಗಂಟಿನ ಒಳಬದಿಯಲ್ಲಿ ಹಾದುಹೋಗುವ ನರ ಸತ್ತರೆ ಅಂಗಾಲಿಗೆ ಸ್ಪರ್ಶ ಇಲ್ಲ, ನೋವಿಲ್ಲ, ಬೆವರೂ ಇಲ್ಲ. ಬೆವರಿಲ್ಲದ ಚರ್ಮ ಒಣಗಿ ಒಡೆಯುತ್ತದೆ. ಮೊಣಕಾಲಿನ ಪಕ್ಕದ ನರ ಸತ್ತರೆ ಪಾದ ಮೇಲೆತ್ತಲು ಆಗದೆ ಜೋಲುತ್ತದೆ.

ಈಗ ಯೋಚಿಸಿ. ಚಪ್ಪಲಿಯೊಳಗೆ ಒಂದು ಕಲ್ಲು ಸೇರಿದರೆ ನೀವೇನು ಮಾಡ್ತೀರಿ? ಎರಡು ಹೆಜ್ಜೆಗೆ ನಿಂತು ಕೊಡವುತ್ತೀರಿ. ಸ್ಪರ್ಶ ಇಲ್ಲದವರು ಅದೇ ಕಲ್ಲಿನ ಮೇಲೆ ಸಂಜೆಯವರೆಗೂ ನಡೆಯುತ್ತಾರೆ. ಒಂದೇ ಜಾಗದಲ್ಲಿ ಒತ್ತಡ ಬಿದ್ದು ಆಣಿ ಕಟ್ಟುತ್ತದೆ, ಆಣಿಯ ಅಡಿಯಲ್ಲಿ ಚರ್ಮ ಒಡೆಯುತ್ತದೆ, ಹುಣ್ಣಾಗುತ್ತದೆ, ಕೀವು ಎಲುಬಿಗೆ ಇಳಿಯುತ್ತದೆ. ನೋವಿಲ್ಲದ್ದರಿಂದ ಅವರು ನಡೆಯುತ್ತಲೇ ಇರುತ್ತಾರೆ. ವೆಲ್ಲೂರಿನಲ್ಲಿ ಕೆಲವು ರೋಗಿಗಳ ಬೆರಳಿನ ತುದಿ ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾಗುತ್ತಿದ್ದುದಕ್ಕೆ ಕಾರಣ ಹುಡುಕಿದಾಗ ಸಿಕ್ಕಿದ್ದು ಇಲಿ. ಮಲಗಿದವರ ಬೆರಳನ್ನು ಇಲಿ ಕಚ್ಚುತ್ತಿದ್ದರೂ ಅವರಿಗೆ ಎಚ್ಚರ ಆಗುತ್ತಿರಲಿಲ್ಲ.

ಅಂದರೆ ಮಾಂಸ ಕೆಟ್ಟಿರಲಿಲ್ಲ. ಒತ್ತಡ ತಪ್ಪಿಸಿದರೆ ಆ ಹುಣ್ಣು ಎಲ್ಲರ ಹುಣ್ಣಿನ ಹಾಗೆ ಮಾಯುತ್ತಿತ್ತು. ಪಾದದ ಆಕಾರಕ್ಕೆ ಸರಿಯಾಗಿ ಕೂರುವ ಪ್ಲಾಸ್ಟರ್ ಹಾಕಿ ಭಾರವನ್ನು ಇಡೀ ಅಂಗಾಲಿಗೆ ಹಂಚುವ ಉಪಾಯ 1930ರ ದಶಕದಲ್ಲೇ ಭಾರತ, ಶ್ರೀಲಂಕಾದ ಕುಷ್ಠ ಚಿಕಿತ್ಸಕರಲ್ಲಿ ಶುರುವಾಗಿತ್ತು. ಬ್ರ್ಯಾಂಡ್ ಅದನ್ನು ಬೆಳೆಸಿದರು. ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಪಾದರಕ್ಷೆ ಬಂತು. ನಮ್ಮ ಆರೋಗ್ಯ ಇಲಾಖೆಯವರು ಎಂಸಿಆರ್ ಚಪ್ಪಲಿ ಅಂತ ಹಂಚುತ್ತಾರಲ್ಲ, ಅದೇ. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಯಿಸಿಯಾನಾದ ಕಾರ್ವಿಲ್ ಕುಷ್ಠ ಆಸ್ಪತ್ರೆಗೆ ಹೋದರು. ಅಲ್ಲಿಂದ ಈ ಪ್ಲಾಸ್ಟರ್ ವಿಧಾನ ಶುಗರ್ ರೋಗಿಗಳ ಪಾದಕ್ಕೂ ಬಂತು. ಯಾಕೆಂದರೆ ಸಕ್ಕರೆ ಕಾಯಿಲೆಯೂ ಮಾಡುವುದು ಅದನ್ನೇ, ನಿಧಾನಕ್ಕೆ ಪಾದದ ನರ ಕೊಲ್ಲುವುದು.

ಇವತ್ತು ಅಮೆರಿಕದ ದುಬಾರಿ ಕ್ಲಿನಿಕ್‌ನಲ್ಲಿ ಶುಗರ್ ಹುಣ್ಣಿಗೆ ಹಾಕುವ ಪ್ಲಾಸ್ಟರ್, ಅಂಗಾಲಿಗೆ ಚುಚ್ಚಿ ಸ್ಪರ್ಶ ಪರೀಕ್ಷಿಸುವ ಪುಟ್ಟ ನೈಲಾನ್ ಎಳೆ, ಇವೆಲ್ಲ ಬೆಳೆದದ್ದು ಕುಷ್ಠರೋಗಿಗಳ ವಾರ್ಡಿನಲ್ಲಿ. ಊರಾಚೆ ಇಟ್ಟವರ ಪಾದದಿಂದ ಕಲಿತದ್ದು ಇವತ್ತು ಜಗತ್ತಿನ ಕಾಲು ಉಳಿಸುತ್ತಿದೆ.

ಲೆಕ್ಕ ಸರಿಯಾಗಿ ಹೇಳೋಣ

ಮುಲ್ಲರ್ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಬೇಕಾದರೆ ಮೂರು ವಿಷಯ ಬಿಡುವಂತಿಲ್ಲ.

ಒಂದು, ಅವರ ಮದ್ದು. ಹೋಮಿಯೋಪತಿಯಿಂದ ಕುಷ್ಠ ವಾಸಿಯಾಗುವುದಿಲ್ಲ. ಆಗಿನ ಅಲೋಪತಿಯಲ್ಲೂ ಮದ್ದಿರಲಿಲ್ಲ ಅನ್ನೋದು ನಿಜ. ಕೆಲಸ ಮಾಡುವ ಮೊದಲ ಮದ್ದು ಡ್ಯಾಪ್ಸೋನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಹಲವು ಮದ್ದುಗಳನ್ನು ಸೇರಿಸಿ ಕೊಡುವ ಎಂಡಿಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಯಾವ ಕಾಯಿಲೆಗೂ ಹೋಮಿಯೋಪತಿ ಪರಿಣಾಮಕಾರಿ ಅನ್ನೋದಕ್ಕೆ ನಂಬಬಹುದಾದ ಪುರಾವೆ ಇಲ್ಲ ಅಂತ ತೀರ್ಮಾನಿಸಿತು. ಮುಲ್ಲರ್ ಮೇಲಿನ ಗೌರವ ಈ ಸತ್ಯವನ್ನು ಮುಚ್ಚಿಡಬೇಕಿಲ್ಲ.

ಎರಡು, ಧರ್ಮ. ಅವರು ಮಿಷನರಿ. ತಮ್ಮ ನಂಬಿಕೆಗಾಗಿಯೇ ಬಂದವರು. ಸೇವೆಯ ಹಿಂದೆ ಧರ್ಮಪ್ರಚಾರದ ಆಸೆ ಇರಲೇ ಇಲ್ಲ ಅಂತ ನಟಿಸುವ ಅಗತ್ಯ ಇಲ್ಲ. ಆದರೆ ಇದನ್ನೇ ಹಿಡಿದು ಇಡೀ ಕೆಲಸವನ್ನು ಸಂಚು ಅಂತ ಕರೆಯುವವರಿಗೆ ಒಂದು ಪ್ರಶ್ನೆ ಕೇಳಲೇಬೇಕು. ಆ ಹುಣ್ಣುಗಳನ್ನು ಆಗ ತೊಳೆಯಲು ಬೇರೆ ಯಾರು ಮುಂದೆ ಬಂದಿದ್ದರು? ಊರಿನ ಗುಡಿ, ಮಠ, ಮನೆತನಗಳ ಹಣ ಯಾಕೆ ಆ ಕಡೆ ಹರಿಯಲಿಲ್ಲ?

ಮೂರು, ಇದೇ ಮುಖ್ಯ. ಅದು ದಾನ, ಹಕ್ಕು ಅಲ್ಲ. ಆಶ್ರಮ ಎಷ್ಟೇ ಪ್ರೀತಿಯಿಂದ ನಡೆದರೂ ಅದು ಊರಿನಿಂದ ಬೇರೆಯಾಗಿ ಇಡುವ ಜಾಗವೇ. ಒಳಗೆ ಬಂದವರಿಗೆ ಹೊರಗೆ ಹೋಗುವ ದಾರಿ ಕಷ್ಟ. ಮನೆಯವರು ಮರೆಯುತ್ತಾರೆ, ಮದುವೆ ಮುರಿಯುತ್ತದೆ. ಕುಷ್ಠ ಬಂದರೆ ವಿಚ್ಛೇದನ ಪಡೆಯಬಹುದು ಅನ್ನೋ ಅವಕಾಶ ನಮ್ಮ ವಿವಾಹ ಕಾನೂನುಗಳಿಂದ ಹೋದದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಈ ರೋಗ ಕೆಲವೇ ತಿಂಗಳ ಉಚಿತ ಮಾತ್ರೆಯಿಂದ ವಾಸಿಯಾಗಲು ಶುರುವಾಗಿ ಮೂರು ದಶಕ ಕಳೆದಿತ್ತು.

ಇಷ್ಟೆಲ್ಲಾ ಹೇಳಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ಮದ್ದು ಇಲ್ಲದ ಕಾಲದಲ್ಲಿ ಆ ಮನುಷ್ಯ ಕಟ್ಟಿದ್ದು ಒಂದು ವ್ಯವಸ್ಥೆ. ಇಂದು ಬಂದವರನ್ನು ನಾಳೆಯೂ ನೋಡುವ, ಮುಂದಿನ ವರ್ಷವೂ ನೋಡುವ ಜಾಗ. ಅಂಗಾಲಿನ ಹುಣ್ಣಿಗೆ ಬೇಕಾಗಿರುವುದು ಮೂಲತಃ ಅದೇ. ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರೆ ಆಗುವ ಕೆಲಸ ಅಲ್ಲ.

ಕೊನೆಯ ವರ್ಷಗಳು

1895ರ ಹೊತ್ತಿಗೆ ಕಂಕನಾಡಿಯಲ್ಲಿ ಸಾಮಾನ್ಯ ರೋಗಿಗಳಿಗೂ ಆಸ್ಪತ್ರೆ ಆಯ್ತು. 1902ರಲ್ಲಿ ಪ್ಲೇಗ್ ಬಂದಾಗ ಪ್ಲೇಗ್ ರೋಗಿಗಳಿಗೆ ಬೇರೆ ಆಸ್ಪತ್ರೆ ತೆರೆದರು. ಕುಷ್ಠ, ಆಮೇಲೆ ಪ್ಲೇಗ್. ಜನ ಯಾರಿಂದ ದೂರ ಓಡುತ್ತಾರೋ ಅವರಿಗೆ ಮೊದಲು ಜಾಗ ಮಾಡುವುದು ಅವರ ಪದ್ಧತಿಯೇ ಆಗಿಹೋಗಿತ್ತು. 1910ರ ನವೆಂಬರ್ 1ರಂದು, 69ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ಊರಿಗೆ ಬಂದು ಆಗ ಸುಮಾರು 32 ವರ್ಷ ಆಗಿತ್ತು.

ಆಮೇಲೆ ಸಂಸ್ಥೆ ಮಂಗಳೂರು ಧರ್ಮಪ್ರಾಂತ್ಯದ ಕೈಗೆ ಬಂತು. ಹೋಮಿಯೋಪತಿ ಕಾಲೇಜು, ನರ್ಸಿಂಗ್, ಫಿಸಿಯೋಥೆರಪಿ, 1999ರಲ್ಲಿ ಮೆಡಿಕಲ್ ಕಾಲೇಜು ಅಂತ ಬೆಳೆಯಿತು. ಮರದ ಕೆಳಗೆ ಶುರುವಾಯ್ತು ಅನ್ನುವ ಔಷಧಾಲಯ ಇವತ್ತು ಕರಾವಳಿಯ ದೊಡ್ಡ ಆಸ್ಪತ್ರೆಗಳಲ್ಲಿ ಒಂದು.

ಈಗ ನಮ್ಮ ಮನೆಯ ಪಾದಗಳು

ಭಾರತ ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದೆ ಅಂತ 2005ರ ಡಿಸೆಂಬರ್‌ನಲ್ಲಿ ಘೋಷಣೆ ಆಯ್ತು. ಹತ್ತು ಸಾವಿರ ಜನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಅನ್ನೋ ಲೆಕ್ಕ. ಆದರೆ 2022ರಲ್ಲಿ, 2023ರಲ್ಲಿ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣ ದಾಖಲಾಗಿವೆ, ಜಗತ್ತಿನ ಒಟ್ಟು ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಆಗಲೇ ಸತ್ತ ನರವನ್ನು ಎಬ್ಬಿಸುವುದಿಲ್ಲ. ಕಾಗದದಲ್ಲಿ ವಾಸಿಯಾದ ರೋಗಿಯ ಅಂಗಾಲು ಜೀವನಪೂರ್ತಿ ಆರೈಕೆ ಕೇಳುತ್ತದೆ.

ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇವರೆಲ್ಲರಿಗೂ ಪಾದದ ಅಪಾಯ ಉಂಟು. ದಕ್ಕೆಯಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಮೀನು ಹೊರುವವರು, ದಿನವಿಡೀ ಕಾಲು ಮಡಚಿ ಕೂತು ಬೀಡಿ ಕಟ್ಟುವ ಹೆಂಗಸರು, ತೋಟದಲ್ಲಿ ಕೆಲಸ ಮಾಡುವವರು, ಪೌರಕಾರ್ಮಿಕರು, ಹನ್ನೆರಡು ಗಂಟೆ ನಿಂತೇ ಇರುವ ಸೆಕ್ಯೂರಿಟಿ ಗಾರ್ಡ್‌ಗಳು. ಇವರಲ್ಲಿ ಶುಗರ್ ಇದ್ದವರ ಅಂಗಾಲನ್ನು ಕೊನೆಯ ಸಲ ಯಾರು ನೋಡಿದ್ದಾರೆ?

ಸಾಮಾನ್ಯವಾಗಿ ನಡೆಯುವುದು ಹೀಗೆ. ಆಣಿ ಆಗುತ್ತದೆ, ಬ್ಲೇಡಿನಲ್ಲಿ ಮನೆಯಲ್ಲೇ ಕೆತ್ತುತ್ತಾರೆ. ಬಿಸಿನೀರಲ್ಲಿ ಕಾಲಿಟ್ಟು ಸುಟ್ಟುಕೊಳ್ಳುತ್ತಾರೆ, ಗೊತ್ತೇ ಆಗುವುದಿಲ್ಲ. ನೋವಿಲ್ಲವಲ್ಲ ಅಂತ ಸುಮ್ಮನಿರುತ್ತಾರೆ. ಬೆರಳು ಕಪ್ಪಾದ ಮೇಲೆ ಆಸ್ಪತ್ರೆ. ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗಿನ ಭಾಗ. ಜೊತೆಗೆ ಕೂಲಿ ಹೋಗುತ್ತದೆ, ಸಾಲ ಬರುತ್ತದೆ, ಓದುತ್ತಿದ್ದ ಮಗಳು ಕೆಲಸಕ್ಕೆ ಸೇರುತ್ತಾಳೆ.

ಇದನ್ನು ತಡೆಯುವುದಕ್ಕೆ ದೊಡ್ಡ ಯಂತ್ರ ಬೇಡ. ವರ್ಷಕ್ಕೊಮ್ಮೆಯಾದರೂ ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲಿನ ಸ್ಪರ್ಶ ಪರೀಕ್ಷೆ. ಪಾದದ ನಾಡಿ ಹಿಡಿದು ರಕ್ತಸಂಚಾರ ನೋಡುವುದು. ಆಣಿಯನ್ನು ತರಬೇತಿ ಇದ್ದವರು ಸವರಿ ತೆಗೆಯುವುದು. ಸರಿಯಾದ ಚಪ್ಪಲಿ. ಹುಣ್ಣಾದರೆ ಭಾರ ತಪ್ಪಿಸುವ ಪ್ಲಾಸ್ಟರ್. ದಿನಾ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವ ಅಭ್ಯಾಸ. ಇದಕ್ಕೆಂದೇ ಓದಿದವರನ್ನು ಪೊಡಿಯಾಟ್ರಿಸ್ಟ್ ಅಂತಾರೆ, ಪಾದ ಮತ್ತು ಪಾದದ ಗಂಟಿನ ತಜ್ಞರು. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಅದು ಸ್ಥಾಪಿತ ವೃತ್ತಿ. ನಮ್ಮಲ್ಲಿ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಬಂದಾಗ ಅದರ ಪಟ್ಟಿಯಲ್ಲಿ ಈ ವೃತ್ತಿಗೂ ಹೆಸರು ಸಿಕ್ಕಿತು. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದ ಚಿಕಿತ್ಸೆಯ ವಿಭಾಗ ಇದೆ. ಆದರೆ ಪುತ್ತೂರಿನ ತೋಟದ ಕೂಲಿಗೆ ಬೆಂಗಳೂರು ಉತ್ತರ ಅಲ್ಲ. ಉತ್ತರ ಇರಬೇಕಾದದ್ದು ಅವರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ.

ಯಾಕೆ ಇಲ್ಲ? ಹಣದ ಕೊರತೆ ಒಂದು ಕಾರಣ ಅಷ್ಟೇ. ಇನ್ನೊಂದು ಕಾರಣ ನಮ್ಮ ತಲೆಯೊಳಗೆ ಇದೆ. ಪುರುಷಸೂಕ್ತ ಪಾದದಿಂದ ಶೂದ್ರರನ್ನು ಹುಟ್ಟಿಸಿದ ಸಮಾಜ ನಮ್ಮದು. ಪಾದವೇ ಕೀಳು, ಪಾದ ಮುಟ್ಟುವವರೂ ಕೀಳು, ಪಾದಕ್ಕೆ ಚಪ್ಪಲಿ ಹೊಲಿಯುವವರು ಇನ್ನೂ ಕೀಳು. ಮೇಲ್ಜಾತಿಯ ಬೀದಿಯಲ್ಲಿ ದಲಿತರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಊರುಗಳು ಎಷ್ಟೋ ಇದ್ದವು. ಶರಣ ಹರಳಯ್ಯ ಬಸವಣ್ಣನಿಗೆ ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿಕೊಟ್ಟ ಐತಿಹ್ಯವನ್ನು ನಾವು ಭಕ್ತಿಯಿಂದ ಹೇಳುತ್ತೇವೆ, ಆದರೆ ಚಪ್ಪಲಿ ಮಾಡುವ ಜ್ಞಾನವನ್ನು ಜ್ಞಾನ ಅಂತ ಒಪ್ಪುವುದಿಲ್ಲ. ಎಂಸಿಆರ್ ಚಪ್ಪಲಿ ಒಳ್ಳೆಯದಾಗಬೇಕಾದರೆ ಸರ್ಜನ್‌ಗೆ ಎಷ್ಟು ಮಾತಿದೆಯೋ ಅದನ್ನು ಹೊಲಿಯುವ ಕುಶಲಕರ್ಮಿಗೂ ಅಷ್ಟೇ ಮಾತಿರಬೇಕು. ಹೃದಯದ ಸರ್ಜನ್ ಆಗುವುದಕ್ಕೆ ಸಾಲು ನಿಲ್ಲುವ ನಮ್ಮ ಮಕ್ಕಳು ಪಾದ ನೋಡುವ ಓದಿಗೆ ಯಾಕೆ ಹೋಗುವುದಿಲ್ಲ ಅನ್ನೋದರ ಹಿಂದೆ ಸಂಬಳ ಮಾತ್ರ ಅಲ್ಲ, ಜಾತಿಯೂ ಇದೆ.

ಮುಲ್ಲರ್ ಬದುಕಿದ್ದ ಕಾಲದಲ್ಲಿ ಜ್ಞಾನ ಇರಲಿಲ್ಲ, ಮದ್ದಿರಲಿಲ್ಲ, ಸಂವಿಧಾನ ಇರಲಿಲ್ಲ. ಇದ್ದದ್ದು ಕೆಲವರ ದಾನ, ಕೆಲವರ ನಂಬಿಕೆ, ಕೆಲವರ ದಿನನಿತ್ಯದ ದುಡಿಮೆ. ನಮಗೆ ಮೂರೂ ಉಂಟು. ಹಾಗಾಗಿ ದಾನಕ್ಕೆ ಕಾಯುವ ನೆಪ ನಮಗಿಲ್ಲ, ಕೇಳಬೇಕಾದದ್ದು ಹಕ್ಕು.

ಕೇಳುವುದು ಕಷ್ಟವೇನಲ್ಲ. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಶುಗರ್ ಮಾತ್ರೆ ಕೊಡುವ ದಿನ ಕಾಲನ್ನೂ ನೋಡ್ತಾರಾ ಅಂತ ಕೇಳಿ. ಸ್ಪರ್ಶ ಪರೀಕ್ಷೆಯ ಎಳೆ ಅಲ್ಲಿ ಇದೆಯಾ ಕೇಳಿ. ಕುಷ್ಠದಿಂದ ವಾಸಿಯಾದವರಿಗೆ ಎಂಸಿಆರ್ ಚಪ್ಪಲಿ ಹೊತ್ತಿಗೆ ಸರಿಯಾಗಿ, ಅಳತೆಗೆ ಸರಿಯಾಗಿ ಸಿಗ್ತದಾ ಕೇಳಿ. ಜಿಲ್ಲಾಸ್ಪತ್ರೆಗೆ ಒಬ್ಬ ಪಾದ ತಜ್ಞರ ಹುದ್ದೆ ಮಂಜೂರು ಮಾಡಿಸ್ತೀರಾ ಅಂತ ಮುಂದಿನ ಚುನಾವಣೆಯಲ್ಲಿ ಮನೆಗೆ ಬರುವವರನ್ನು ಕೇಳಿ. ಪೌರಕಾರ್ಮಿಕರಿಗೆ ಕೊಡುವ ಬೂಟು ಅವರ ಕಾಲಿಗೆ ಹಿಡಿಸುತ್ತದಾ ಅಂತ ನಗರಪಾಲಿಕೆಯನ್ನು ಕೇಳಿ.

ಅದಕ್ಕೂ ಮೊದಲು, ಇವತ್ತು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಶುಗರ್ ಇರುವ ಅಪ್ಪನದೋ ಅಮ್ಮನದೋ ಅಜ್ಜಿಯದೋ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿ. ಹಿಮ್ಮಡಿ, ಬೆರಳ ಸಂದಿ, ಹೆಬ್ಬೆರಳ ಬುಡ. ಬೇಡ ಮಾರಾಯ, ಕಾಲು ಮುಟ್ಟಬೇಡ ಅಂತ ಅವರು ಎಳೆದುಕೊಳ್ಳಬಹುದು. ಬಿಡಬೇಡಿ.